ಶರತ್ಕಾಲದ ಕೋಹೊ ಸಾಲ್ಮನ್‌ಗೆ ಫ್ಲೈ ಗಾಳ: ಕಡಲತೀರ, ನಿಧಾನದ ನೀರು, ಎರಡು ಕೈಯ ರಾಡ್

ಅಮೆರಿಕದ ಸಿಯಾಟಲ್ ಸುತ್ತಮುತ್ತ ಫ್ಲೈ (ಕೊಕ್ಕೆಗೆ ಗರಿ, ತುಪ್ಪಳ ಮೊದಲಾದವನ್ನು ಕಟ್ಟಿ ಮಾಡಿದ ಹುಸಿ ಎರೆ) ಗಾಳ ಹಾಕುವವರು ಸೆಪ್ಟೆಂಬರ್‌ನಿಂದ ನವೆಂಬರ್‌ವರೆಗಿನ ದಿನಗಳನ್ನು ಕೋಹೊ ಸಾಲ್ಮನ್‌ಗಾಗಿ ಮೀಸಲಿಡುತ್ತಾರೆ. ಪೆಸಿಫಿಕ್ ಸಾಗರದಲ್ಲಿ ಸುಮಾರು ಒಂದೂವರೆ ವರ್ಷ ಮೇದು, ಸಾಮಾನ್ಯವಾಗಿ ಮೂರರಿಂದ ಐದು ಕಿಲೊ ತೂಗುವಷ್ಟು ಬೆಳೆದ ಈ ಮೀನು ಹುವಾನ್ ಡಿ ಫ್ಯೂಕಾ ಜಲಸಂಧಿಯ ಮೂಲಕ ಪ್ಯೂಜೆಟ್ ಸೌಂಡ್ ಎಂಬ ಒಳಗಡಲನ್ನು ಹೊಕ್ಕು, ತಾನು ಹುಟ್ಟಿದ ಹೊಳೆಯನ್ನು ಹುಡುಕಿಕೊಂಡು ಹೊರಡುತ್ತದೆ. ದಾರಿಯಲ್ಲಿ ಅದನ್ನು ಹಿಡಿಯಲು ಮೂರು ಕ್ರಮಗಳು ರೂಢಿಯಲ್ಲಿವೆ. ಕಡಲತೀರದಲ್ಲಿ ನಿಂತು ಫ್ಲೈ ಎಸೆಯುವುದು ಒಂದು. ನದಿಯ ನಿಧಾನದ ನೀರಿನಲ್ಲಿ ಫ್ಲೈಯನ್ನು ಎಳೆದೆಳೆದು ತರುವುದು ಎರಡನೆಯದು. ಎರಡು ಕೈಯಲ್ಲಿ ಹಿಡಿಯುವ ಉದ್ದನೆಯ ಸ್ಪೇ ರಾಡ್‌ನಿಂದ ಹರಿವಿಗೆ ಅಡ್ಡಲಾಗಿ ಫ್ಲೈಯನ್ನು ತೇಲಿಸಿಬಿಡುವುದು ಮೂರನೆಯದು. ಮೂರನ್ನೂ ನಾನು ಹಲವು ಋತುಗಳಿಂದ ಪ್ರಯೋಗಿಸುತ್ತ ಬಂದಿದ್ದೇನೆ. ಇವುಗಳಲ್ಲಿ ಯಾವುದು ಮೇಲು ಎಂಬ ಚರ್ಚೆ ಶುರುವಾದರೆ ರಾಡಿನ ಬೆಲೆ, ಲೈನಿನ ತೂಕಗಳ ಮಾತೇ ಹೆಚ್ಚಾಗುತ್ತದೆ. ಆದರೆ ಕೋಹೊ ವಿಷಯದಲ್ಲಿ ಎಲ್ಲವನ್ನೂ ತೀರ್ಮಾನಿಸುವುದು ನೀರಿನ ವೇಗ ಎಂಬುದು ನನ್ನ ಅಭಿಪ್ರಾಯ.

ಈ ಮೀನು ಕಷ್ಟದ್ದೆನಿಸಿಕೊಂಡಿರುವುದಕ್ಕೆ ಕಾರಣವಿದೆ. ಸಿಹಿನೀರನ್ನು ಹೊಕ್ಕ ಸಾಲ್ಮನ್ ಆಹಾರ ತಿನ್ನುವುದನ್ನು ನಿಲ್ಲಿಸುತ್ತದೆ, ಅದರ ಹೊಟ್ಟೆ ಕುಗ್ಗುತ್ತ ಹೋಗುತ್ತದೆ. ಕಾವೇರಿಯ ಮಹಶೀರ್‌ಗೆ ರಾಗಿಹಿಟ್ಟಿನ ಉಂಡೆ ಕಟ್ಟಿ ಗಾಳ ಹಾಕಿದವರಿಗೆ ಇದು ಬೇಗ ಒಗ್ಗುವುದಿಲ್ಲ, ಏಕೆಂದರೆ ಅಲ್ಲಿ ಹಸಿವನ್ನು ನಂಬಿ ಕೂರಬಹುದು, ಇಲ್ಲಿ ಮೀನನ್ನು ಕೆಣಕಬೇಕು. ಕಣ್ಣೆದುರಿಗೇ ಹತ್ತಾರು ಮೀನುಗಳು ಹೊರಳಿ, ನೆಗೆದು, ನೀರನ್ನು ಕಲಕುತ್ತಿದ್ದರೂ ಗಂಟೆಗಟ್ಟಲೆ ಒಂದೂ ಬಾಯಿ ತೆರೆಯದಿರುವುದು ಕೋಹೊ ನದಿಯಲ್ಲಿ ತೀರ ಸಾಮಾನ್ಯ.

ಕಡಲತೀರದಲ್ಲಿ ಈ ತೊಡಕು ಅರ್ಧಕ್ಕರ್ಧ ಕಡಿಮೆ. ವಿಡ್ಬಿ ದ್ವೀಪದ ಬುಷ್ ಪಾಯಿಂಟ್, ಕಿಟ್ಸಾಪ್ ಪರ್ಯಾಯ ದ್ವೀಪದ ತುದಿಯಲ್ಲಿರುವ ಪಾಯಿಂಟ್ ನೋ ಪಾಯಿಂಟ್, ಪಶ್ಚಿಮ ಸಿಯಾಟಲ್‌ನ ಲಿಂಕನ್ ಪಾರ್ಕ್ ಮುಂತಾದ ಕಡೆ ಮೀನು ದಡಕ್ಕೆ ಹತ್ತಿರವಾಗಿಯೇ ಸಾಗುತ್ತದೆ, ಮತ್ತು ಹೆರಿಂಗ್‌ನಂಥ ಸಣ್ಣ ಮೀನುಗಳನ್ನು ಇನ್ನೂ ಬೇಟೆಯಾಡುತ್ತಿರುತ್ತದೆ. ಭರತವೋ ಇಳಿತವೋ, ನೀರು ಚಲಿಸುತ್ತಿರಬೇಕು ಎಂಬುದಷ್ಟೇ ಷರತ್ತು. ನಿಂತ ನೀರಿನ ಹೊತ್ತಿನಲ್ಲಿ ನಾನು ಫ್ಲಾಸ್ಕ್ ತೆರೆದು ಕಾಫಿ ಕುಡಿಯುತ್ತೇನೆ. ಒಂಬತ್ತು ಅಡಿಯ, ಆರರಿಂದ ಎಂಟನೆಯ ಸಂಖ್ಯೆಯ (ಸಂಖ್ಯೆ ಹೆಚ್ಚಿದಷ್ಟೂ ಭಾರದ ಲೈನಿಗೆ ತಕ್ಕ) ರಾಡ್, ಸೆಕೆಂಡಿಗೆ ನಾಲ್ಕೈದು ಸೆಂಟಿಮೀಟರ್‌ನಷ್ಟು ಮೆಲ್ಲಗೆ ಮುಳುಗುವ ಇಂಟರ್‌ಮೀಡಿಯೆಟ್ ಲೈನ್, ಎಳೆದ ಲೈನ್ ಅಲೆಗೆ ಸಿಕ್ಕಿ ಕಾಲಿಗೆ ಸುತ್ತಿಕೊಳ್ಳದಂತೆ ಸೊಂಟಕ್ಕೆ ಕಟ್ಟಿಕೊಳ್ಳುವ ಬುಟ್ಟಿ, ಇಷ್ಟಿದ್ದರೆ ಸಾಕು.

ತೀರದಲ್ಲಿ ಎರಡು ಫ್ಲೈಗಳ ನಡುವೆ ಪೈಪೋಟಿಯಿದೆ. ಪೆನ್ಸಿಲ್ವೇನಿಯಾದ ಬಾಬ್ ಕ್ಲೌಸರ್ ಸ್ಮಾಲ್‌ಮೌತ್ ಬಾಸ್ ಮೀನಿಗಾಗಿ ರೂಪಿಸಿದ ಕ್ಲೌಸರ್ ಮಿನ್ನೋ ಒಂದು. ಅದರ ಲೋಹದ ಕಣ್ಣುಗಳ ಭಾರಕ್ಕೆ ಕೊಕ್ಕೆಯ ಮೊನೆ ಮೇಲ್ಮುಖವಾಗಿ ನಿಲ್ಲುತ್ತದೆ. ಎಳೆತ ನಿಲ್ಲಿಸಿದ ಕೂಡಲೇ ಫ್ಲೈ ತಲೆ ತಗ್ಗಿಸಿ ಮುಳುಗುತ್ತದೆ, ಮೀನು ಹಿಡಿಯುವುದೂ ಬಹುಮಟ್ಟಿಗೆ ಆ ಕ್ಷಣದಲ್ಲೇ. ಇನ್ನೊಂದು, ಸಿಯಾಟಲ್‌ನ ಲೀಲ್ಯಾಂಡ್ ಮಿಯಾವಾಕಿ ಅವರ ಹೆಸರಿನಲ್ಲಿ ಪ್ರಸಿದ್ಧವಾಗಿರುವ ಪಾಪರ್. ಫೋಮಿನ ತಲೆಯುಳ್ಳ ಇದನ್ನು ನೀರಿನ ಮೇಲ್ಮೈಯಲ್ಲೇ ಬುಳಬುಳನೆ ಎಳೆದು ತರಬೇಕು. ಸಂಖ್ಯೆಯಲ್ಲಿ ಕ್ಲೌಸರ್ ಗೆಲ್ಲುತ್ತದೆ. ಆದರೆ ಪಾಪರ್‌ನ ಹಿಂದೆ ನೀರನ್ನು ಸೀಳಿಕೊಂಡು ಬರುವ ಕೋಹೊವಿನ ಬೆನ್ನನ್ನು ಒಮ್ಮೆ ಕಂಡವರು ಲೆಕ್ಕ ಇಡುವುದನ್ನು ಬಿಡುತ್ತಾರೆ. ನಾನೂ ಬೆಳಕು ಹರಿಯುವ ಮೊದಲ ಗಂಟೆಯಲ್ಲಿ ಪಾಪರ್ ಕಟ್ಟಿ, ಬಿಸಿಲೇರಿದ ಮೇಲಷ್ಟೇ ಕ್ಲೌಸರ್‌ಗೆ ಬದಲಾಗುತ್ತೇನೆ. ತೀರದ ಕೊರತೆಗಳೆಂದರೆ ಗಾಳಿ, ಹಿಂದಕ್ಕೆ ಬೀಸಿದ ಲೈನನ್ನು ಹಿಡಿದುಕೊಳ್ಳುವ ಮರದ ದಿಮ್ಮಿಗಳು, ಮತ್ತು ಗಾಳಕ್ಕೆ ಬಿದ್ದ ಮೀನನ್ನು ಅರ್ಧದಾರಿಯಲ್ಲಿ ಕಸಿಯುವ ಸೀಲ್‌ಗಳು. ಹಿಂಡು ಹಾದುಹೋಗದ ದಿನ ಖಾಲಿ ನೀರಿಗೆ ಎಸೆಯುತ್ತಿದ್ದೇವೆಂಬ ಅನುಮಾನವನ್ನೂ ಸಹಿಸಬೇಕು.

ನದಿಗೆ ಬಂದರೆ, ಸ್ಕೈಕೋಮಿಶ್ ಮತ್ತು ಸ್ನೋಕ್ವಾಲ್ಮಿ ಹೊಳೆಗಳು ಮನ್ರೋ ಪಟ್ಟಣದ ಸಮೀಪ ಕೂಡಿ ಸ್ನೋಹೋಮಿಶ್ ಆಗುತ್ತವೆ. ಕೋಹೊ ನಿಲ್ಲುವುದು ಬಿರುಸಾದ ಹರಿವಿನಲ್ಲಲ್ಲ. ಮುಖ್ಯಪ್ರವಾಹದ ಪಕ್ಕದ ಮಡು, ಬಿದ್ದ ಮರದ ಮರೆ, ಎಲೆಗಳು ತೇಲುತ್ತ ಸುಮ್ಮನೆ ಸುತ್ತುವ ಹಿನ್ನೀರು ಅದರ ತಂಗುದಾಣಗಳು. ಟ್ರೌಟ್ ಹಿಡಿದು ಪಳಗಿದವರು ಇಂಥ ನೀರನ್ನು ಕಂಡು ಮುಂದೆ ನಡೆದುಬಿಡುತ್ತಾರೆ. ಇಲ್ಲಿ ಹರಿವು ಫ್ಲೈಗೆ ಜೀವ ಕೊಡುವುದಿಲ್ಲವಾದ್ದರಿಂದ ಆ ಕೆಲಸವನ್ನು ಕೈಯೇ ಮಾಡಬೇಕು: ಗೇಣುದ್ದದ ಎರಡು ಚುರುಕು ಎಳೆತ, ಒಂದು ಬಿಡುವು, ಮತ್ತೆ ಒಂದು ಉದ್ದನೆಯ ಎಳೆತ. ಫ್ಲೈ ಮೃದುವಾಗಿರಬೇಕು, ಬಿಡುವಿನ ಹೊತ್ತಿನಲ್ಲೂ ಮಿಸುಕುವ ಮ್ಯಾರಾಬೂ ಗರಿಯ ವೂಲಿ ಬಗರ್ ಅಥವಾ ಮೊಲದ ತುಪ್ಪಳದ ಲೀಚ್, ಗುಲಾಬಿಯಲ್ಲೋ ನೇರಳೆಯಲ್ಲೋ ಕಟ್ಟಿದ್ದು, ಲೋಹಕಣ್ಣಿನ ಗಡುಸು ಫ್ಲೈಗಳಿಗಿಂತ ಉತ್ತಮ ಫಲ ಕೊಟ್ಟಿದೆ. ಒಂದೇ ಬಣ್ಣವನ್ನು ಒಂದೇ ಹಿಂಡಿಗೆ ಪದೇ ಪದೇ ತೋರಿಸಿದರೆ ಮೀನು ಬೇಸತ್ತು ಅದನ್ನು ಕಡೆಗಣಿಸುತ್ತದೆ. ಆಗ ಬಣ್ಣ ಬದಲಿಸುವುದಕ್ಕಿಂತ ಗಾತ್ರವನ್ನು ಅರ್ಧಕ್ಕಿಳಿಸುವುದು ಹೆಚ್ಚು ಕೆಲಸ ಮಾಡುತ್ತದೆ.

ಕೋಹೊ ಫ್ಲೈಯನ್ನು ಹಿಡಿಯುವ ಬಗೆಯೂ ವಿಚಿತ್ರವೇ. ಹಿಂಬಾಲಿಸಿ ಬಂದ ಮೀನು ಫ್ಲೈಯನ್ನು ಬಾಯಿಗಿಟ್ಟುಕೊಂಡು ಅದೇ ದಿಕ್ಕಿನಲ್ಲಿ, ಎಂದರೆ ನಮ್ಮ ಕಡೆಗೇ, ಈಜುತ್ತಿರುತ್ತದೆ. ಕೈಗೆ ತಿಳಿಯುವುದು ಹೊಡೆತವಲ್ಲ, ಲೈನ್ ಇದ್ದಕ್ಕಿದ್ದಂತೆ ಸಡಿಲಾಗುವುದು. ರಾಡ್ ಎತ್ತದೆ ಎಡಗೈಯಿಂದ ಲೈನನ್ನು ಇನ್ನೂ ವೇಗವಾಗಿ ಎಳೆಯುತ್ತಲೇ ಇದ್ದರೆ ಕೊಕ್ಕೆ ನಾಟುತ್ತದೆ. ನಾಟಿದ ಬಳಿಕ ಮೀನು ತನ್ನ ಸುತ್ತ ತಾನೇ ಉರುಳಿ ಲೀಡರನ್ನು, ಎಂದರೆ ಲೈನಿನ ತುದಿಯಿಂದ ಫ್ಲೈವರೆಗಿನ ತೆಳು ದಾರವನ್ನು, ಮೈಗೆ ಸುತ್ತಿಕೊಳ್ಳುವುದರಿಂದ ಹನ್ನೆರಡು ಪೌಂಡ್ ಎಳೆತ ತಡೆಯುವುದಕ್ಕಿಂತ ತೆಳುವಾದದ್ದನ್ನು ನಾನು ಕಟ್ಟುವುದಿಲ್ಲ. ದಡಕ್ಕೆ ತಂದ ಹೊಸ ಮೀನಿನ ಬೆಳ್ಳಿಯ ಹುರುಪೆಗಳು ಅಂಗೈಗೆ ಅಂಟಿಕೊಂಡು ಬರುತ್ತವೆ. ಕಪ್ಪು ಬಾಯೊಳಗೆ ಬಿಳಿಯ ವಸಡು, ಬಾಲದ ಮೇಲ್ಭಾಗದಲ್ಲಿ ಮಾತ್ರ ಚುಕ್ಕೆ ಇದ್ದರೆ ಅದು ಕೋಹೊ. ಇದೇ ನೀರಿನ ಇನ್ನೊಂದು ಸಾಲ್ಮನ್ ಆದ ಚಿನೂಕ್‌ಗೆ ವಸಡೂ ಕಪ್ಪು, ಚುಕ್ಕೆ ಇಡೀ ಬಾಲಕ್ಕೆ.

ಸ್ಪೇ ರಾಡ್ ಬಗ್ಗೆ ಹೆಚ್ಚು ಹೇಳುವುದಕ್ಕಿಲ್ಲ. ಹದಿಮೂರು ಅಡಿಯ ರಾಡ್‌ನಿಂದ ಹಿಂದೆ ಜಾಗವಿಲ್ಲದ ಕಡೆಯೂ ಇಡೀ ಹೊಳೆಯನ್ನು ದಾಟಿಸುವಂತೆ ಎಸೆಯಬಹುದು, ಎಸೆತವೇ ಒಂದು ಸುಖ. ಆದರೆ ಈ ಕ್ರಮ ಮನುಷ್ಯ ನಡೆಯುವಷ್ಟು ವೇಗದ ಹರಿವನ್ನು ಬೇಡುತ್ತದೆ. ಸ್ಟೀಲ್‌ಹೆಡ್ (ಕಡಲಿಗೆ ಹೋಗಿ ಮರಳುವ ರೇನ್‌ಬೋ ಟ್ರೌಟ್) ನಿಲ್ಲುವುದು ಅಲ್ಲಿ, ಕೋಹೊ ಅಲ್ಲ. ಮಳೆ ಬಿದ್ದು ಹೊಳೆ ಏರಿ, ಮತ್ತೆ ಇಳಿದು ತಿಳಿಯಾಗುತ್ತಿರುವ ಒಂದೆರಡು ದಿನ ಮೀನು ಹರಿವಿನ ಅಂಚಿನಲ್ಲೇ ಸಾಗುವುದರಿಂದ ಆಗ ಮಾತ್ರ ಇದಕ್ಕೆ ಅವಕಾಶವುಂಟು. ಇನ್ನು ಮೀನು ಕಿಕ್ಕಿರಿದ ಮಡುವಿನಲ್ಲಿ ಮುಳುಗುವ ಲೈನನ್ನು ಅಡ್ಡ ತೇಲಿಸಿದರೆ ಕೊಕ್ಕೆ ಮೀನಿನ ಬೆನ್ನಿಗೋ ಹೊಟ್ಟೆಗೋ ಸಿಕ್ಕುವ ಅಪಾಯವಿದೆ. ಹಾಗೆ ಸಿಕ್ಕಿದ್ದನ್ನು ಬಿಡಲೇಬೇಕು, ಮತ್ತು ಅದನ್ನು ಬೇಟೆಯೆಂದು ನಾನು ಎಣಿಸುವುದೂ ಇಲ್ಲ.

ಮಳೆಯ ಮಾತು ಬಂದದ್ದರಿಂದ ಒಂದು ವಿಷಯ. ಟೈರ್‌ಗಳಲ್ಲಿ ಬಳಸುವ 6ಪಿಪಿಡಿ ಎಂಬ ರಾಸಾಯನಿಕದಿಂದ ಉಂಟಾಗುವ ಕ್ವಿನೋನ್, ರಸ್ತೆಯ ನೀರಿನೊಂದಿಗೆ ತೊರೆ ಸೇರಿ ಕೋಹೊಗಳನ್ನು ಕೆಲವೇ ಗಂಟೆಗಳಲ್ಲಿ ಕೊಲ್ಲುತ್ತದೆ ಎಂದು ವಾಷಿಂಗ್ಟನ್ ರಾಜ್ಯದ ವಿಜ್ಞಾನಿಗಳು 2020ರಲ್ಲಿ ತೋರಿಸಿಕೊಟ್ಟರು. ಆದುದರಿಂದ ಮೊದಲ ಮಳೆ ದೊಡ್ಡ ಹೊಳೆಯಲ್ಲಿ ಗಾಳ ಹಾಕುವವನಿಗೆ ತರುವ ಸಂತೋಷವನ್ನು ನಗರದೊಳಗಿನ ತೊರೆಗಳಿಗೆ ತರುವುದಿಲ್ಲ.

ಹೊಸದಾಗಿ ಶುರು ಮಾಡುವವರಿಗೆ ನನ್ನ ಸಲಹೆ ಸ್ಪಷ್ಟವಾಗಿದೆ. ಎಂಟನೆಯ ಸಂಖ್ಯೆಯ ಒಂದೇ ಒಂದು ಒಂಬತ್ತಡಿ ರಾಡ್ ಮತ್ತು ಇಂಟರ್‌ಮೀಡಿಯೆಟ್ ಲೈನನ್ನು ಕೊಂಡರೆ ಸೆಪ್ಟೆಂಬರ್‌ನಲ್ಲಿ ತೀರಕ್ಕೂ ಅಕ್ಟೋಬರ್‌ನಲ್ಲಿ ಹಿನ್ನೀರಿಗೂ ಅದೇ ನಡೆಯುತ್ತದೆ. ತಿನ್ನಲು ಮೀನು ಬೇಕೆನ್ನುವವರು ತೀರವನ್ನೇ ಆರಿಸಿಕೊಳ್ಳಲಿ, ಏಕೆಂದರೆ ನದಿಯಲ್ಲಿ ವಾರಗಳು ಕಳೆದಂತೆ ಮೀನು ಕೆಂಪೇರಿ ಮಾಂಸ ಸಪ್ಪೆಯಾಗುತ್ತದೆ. ಮುಳ್ಳಿಲ್ಲದ ಕೊಕ್ಕೆಯನ್ನೇ ಬಳಸಬೇಕು. ಬಾಲದ ಮುಂದಿನ ಚಿಕ್ಕ ಕೊಬ್ಬಿನ ರೆಕ್ಕೆ ಕತ್ತರಿಸಿದ್ದರೆ ಅದು ಹ್ಯಾಚರಿಯಲ್ಲಿ, ಎಂದರೆ ಮರಿ ಮಾಡಿಸುವ ಕೇಂದ್ರದಲ್ಲಿ, ಬೆಳೆಸಿ ಬಿಟ್ಟ ಮೀನು, ಇದ್ದರೆ ಸಾಮಾನ್ಯವಾಗಿ ಹೊಳೆಯಲ್ಲೇ ಸಹಜವಾಗಿ ಹುಟ್ಟಿದ ಕಾಡಿನ ಮೀನು. ಕಾಡಿನದನ್ನು ಇಟ್ಟುಕೊಳ್ಳಬಹುದೇ ಎಂಬುದು ಸ್ಥಳದಿಂದ ಸ್ಥಳಕ್ಕೆ, ವರ್ಷದಿಂದ ವರ್ಷಕ್ಕೆ ಬದಲಾಗುವುದರಿಂದ ಮನೆ ಬಿಡುವ ಮುನ್ನ ರಾಜ್ಯದ ಮೀನು ಮತ್ತು ವನ್ಯಜೀವಿ ಇಲಾಖೆಯ ಆ ದಿನದ ತುರ್ತು ನಿಯಮಗಳನ್ನು ನೋಡಿಕೊಂಡೇ ಹೊರಡಬೇಕು.