ಎರಡು ದಿನದ ರಿಕ್ವೈರ್‌ಮೆಂಟ್ ಕ್ಲಾಸ್: ಶನಿವಾರ ದಂಡ, ಭಾನುವಾರ ಭರ್ಜರಿ

ಆರು ವರ್ಷ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡಿಕೊಂಡಿದ್ದವನು ನಾನು. ಈಗ ಬಿಸಿನೆಸ್ ಅನಲಿಸ್ಟ್ ಆಗಿದ್ದೇನೆ, ಅಂದರೆ ಸಾಫ್ಟ್‌ವೇರ್ ಕಟ್ಟುವ ಮುಂಚೆ ಕ್ಲೈಂಟಿಗೆ ಏನು ಬೇಕು (ಅದೇ ರಿಕ್ವೈರ್‌ಮೆಂಟ್) ಅಂತ ಕೇಳಿ ತಿಳಿಯುವ ಕೆಲಸ. ಕ್ಲೈಂಟ್ ಮೀಟಿಂಗ್ ನಾನೇ ನಡೆಸಬೇಕು. ಮೊದಲ ಮೀಟಿಂಗ್‌ನಲ್ಲಿ ಎಂಟು ಜನ ಒಂದೂವರೆ ಗಂಟೆ ಮಾತಾಡಿದರು, ನಾನು ಹನ್ನೊಂದು ಪುಟ ಗೀಚಿಕೊಂಡೆ, ಸೀಟಿಗೆ ಬಂದು ಓದಿದರೆ ಅವರಿಗೆ ಬೇಕಾಗಿದ್ದೇನು ಅನ್ನೋದು ಒಂದು ಸಾಲಿನಲ್ಲೂ ಇರಲಿಲ್ಲ. ಆ ಸಿಟ್ಟಿಗೇ ಬೆಂಗಳೂರಿನ ಒಂದು ತರಬೇತಿ ಸಂಸ್ಥೆಗೆ (ಹೆಸರು ಬೇಡ ಬಿಡಿ) 7,500 ರೂಪಾಯಿ ಕಟ್ಟಿ ಅದನ್ನೇ ಕಲಿಸುವ ವೀಕೆಂಡ್ ಕ್ಲಾಸಿಗೆ ಸೇರಿದೆ.

ಶನಿವಾರ ಪೂರ್ತಿ ಸ್ಲೈಡು. 1970ರ ದಶಕದ ಕೊನೆಯಲ್ಲಿ ಐಬಿಎಂನಲ್ಲಿ ಹುಟ್ಟಿದ ಜೆಎಡಿ (ಜಾಯಿಂಟ್ ಅಪ್ಲಿಕೇಶನ್ ಡಿಸೈನ್) ಪದ್ಧತಿ, ಅಂದರೆ ಬಳಸುವವರನ್ನೂ ಕಟ್ಟುವವರನ್ನೂ ಒಂದೇ ರೂಮಿನಲ್ಲಿ ಕೂರಿಸಿ ತೀರ್ಮಾನ ಮಾಡಿಸೋದು, ಅದರ ಕಥೆ ಮಾತ್ರ ಕೇಳುವ ಹಾಗಿತ್ತು. ಆಮೇಲೆ ಯಾವ ಬೇಡಿಕೆ ಎಷ್ಟು ಮುಖ್ಯ ಅಂತ ವಿಂಗಡಿಸುವ ಮಾಸ್ಕೋ ಪಟ್ಟಿ: ಮಸ್ಟ್ (ಇರಲೇಬೇಕು), ಶುಡ್ (ಇರಬೇಕು), ಕುಡ್ (ಇದ್ದರೆ ಒಳ್ಳೇದು), ವೋಂಟ್ (ಈ ಸಲ ಬೇಡ). ಕ್ಲೈಂಟ್ ಎಲ್ಲದಕ್ಕೂ ಮಸ್ಟ್ ಅಂದರೆ ಏನು ಮಾಡೋದು ಸರ್ ಅಂತ ಕೇಳಿದೆ. ‘ನಾಳೆ ನೋಡೋಣ’ ಅಂದರು. ಭಾನುವಾರ ಬರೋದೇ ಬೇಡ ಅನ್ನಿಸಿತ್ತು.

ಸದ್ಯ, ಹೋದೆ. ಅವತ್ತು ಬರೀ ಆಟ. ಶಿವಮೊಗ್ಗದ ಒಂದು ಅಡಿಕೆ ಮಂಡಿಗೆ ಸಾಫ್ಟ್‌ವೇರ್ ಬೇಕು. ಮೇಷ್ಟ್ರೇ ಸಾಹುಕಾರ, ನಮ್ಮಲ್ಲೊಬ್ಬರು ಗುಮಾಸ್ತರು, ಮೀಟಿಂಗ್ ನಡೆಸೋದು ನಾನು. ಸಾಹುಕಾರರು ‘ದಿನಾ ಸಂಜೆ ಒಂದು ರಿಪೋರ್ಟ್ ಬರಬೇಕು ಕಣಪ್ಪಾ, ಅಷ್ಟೇ’ ಅಂದರು. ನಾನು ತಕ್ಷಣ ಎಷ್ಟು ಕಾಲಂ, ಎಕ್ಸೆಲ್ಲೋ ಪಿಡಿಎಫ್ಫೋ ಅಂತ ಶುರು ಮಾಡಿದೆ. ಹತ್ತು ನಿಮಿಷ ಬಿಟ್ಟು ಮೇಷ್ಟ್ರು ಆಟ ನಿಲ್ಲಿಸಿ, ‘ಆ ರಿಪೋರ್ಟ್ ಇಟ್ಕೊಂಡು ಏನು ಮಾಡ್ತೀರಿ ಅಂತ ನೀವು ಕೇಳಲೇ ಇಲ್ಲವಲ್ರೀ’ ಅಂದರು. ಮುಖ ಸಪ್ಪಗಾಯಿತು.

ಇನ್ನೊಂದು ಸಲ ಕೇಳಿದಾಗ ವಿಷಯ ಹೊರಗೆ ಬಂತು. ರೈತರು ಕೊಯ್ಲಿಗೆ ಮುಂಚೆಯೇ ಮುಂಗಡ ತಗೊಂಡಿರುತ್ತಾರೆ, ಮಾಲು ತೂಗುವ ಹೊತ್ತಿಗೆ ಯಾರ ಬಾಕಿ ಎಷ್ಟು ಅಂತ ಗುಮಾಸ್ತರ ಖಾತೆ ಪುಸ್ತಕ ತೆಗೆಯಬೇಕು. ಅಂದರೆ ಬೇಕಾಗಿದ್ದು ಸಂಜೆಯ ರಿಪೋರ್ಟಲ್ಲ, ತೂಕದ ಹೊತ್ತಿಗೇ ಬಾಕಿ ಕಾಣಿಸಬೇಕು. ಅಷ್ಟೇ ಅಲ್ಲ. ಗುಮಾಸ್ತರ ಕೈಗೆ ಮೇಷ್ಟ್ರು ಮೊದಲೇ ಒಂದು ಚೀಟಿ ಕೊಟ್ಟಿದ್ದರು: ಮುಂಗಡ ಅಪ್ಪನ ಹೆಸರಿನಲ್ಲಿರುತ್ತೆ, ಅಡಿಕೆ ಮಗನ ಹೆಸರಿನಲ್ಲಿ ಬರುತ್ತೆ, ಯಾರಾದರೂ ಕೇಳಿದರೆ ಮಾತ್ರ ಹೇಳಿ. ಸಾಹುಕಾರರ ಎದುರಿಗೆ ಅವರನ್ನು ಯಾರೂ ಮಾತಾಡಿಸಲೇ ಇಲ್ಲ! ಮೂರನೇ ಸಲ ಎಲ್ಲರ ಕೈಗೂ ಕಾಗದ ಕೊಟ್ಟು, ಐದು ನಿಮಿಷ ಮಾತಾಡದೆ ಬರೀರಿ ಅಂದಾಗ ಅದು ಬಂತು.

ಪ್ರಶ್ನೆ ಕೇಳಿ ಬಾಯಿ ಮುಚ್ಚಿಕೊಂಡು ಮನಸ್ಸಿನಲ್ಲೇ ಏಳರವರೆಗೆ ಎಣಿಸಿ ಅಂತಲೂ ಹೇಳಿಕೊಟ್ಟರು. ನನಗೆ ನಾಲ್ಕು ದಾಟೋದಿಲ್ಲ. ನಾನೇ ‘ಹೀಗಾ, ಹಾಗಾ’ ಅಂತ ಉತ್ತರ ಎತ್ತಿ ಕೊಡುತ್ತೇನೆ, ಅವರು ಒಂದಕ್ಕೆ ತಲೆಯಾಡಿಸಿ ಸುಮ್ಮನಾಗುತ್ತಾರೆ. ಮಸ್ಟ್ ಪ್ರಶ್ನೆಗೂ ಉತ್ತರ ಸಿಕ್ಕಿತು: ‘ಇದಿಲ್ಲದೆ ಮೊದಲ ದಿನ ಮಂಡಿ ಬಾಗಿಲು ತೆಗೆಯೋಕೆ ಆಗುತ್ತಾ?’ ಅಂತ ಕೇಳಬೇಕಂತೆ. ಸಾಹುಕಾರರ ಹದಿನಾಲ್ಕು ಮಸ್ಟ್ ಐದಕ್ಕೆ ಇಳಿಯಿತು.

ದೂರುಗಳೂ ಇವೆ. ಇಪ್ಪತ್ತೆರಡು ಜನರಲ್ಲಿ ಮೀಟಿಂಗ್ ನಡೆಸೋಕೆ ಸಿಕ್ಕಿದ್ದು ಆರೇ ಜನಕ್ಕೆ, ಉಳಿದವರು ನೋಡಿಕೊಂಡು ಕೂತರು. ಮುಂದಿನ ಸಾಲಿನಲ್ಲಿ ಕೂತಿದ್ದಕ್ಕೆ ನನ್ನ ಹಣೆಬರಹ ಚೆನ್ನಾಗಿತ್ತು. ವಿಡಿಯೋ ಕಾಲ್ ಬಗ್ಗೆ ಒಂದು ಮಾತೂ ಇಲ್ಲ. ನನ್ನ ಮೀಟಿಂಗೆಲ್ಲ ಅದರಲ್ಲೇ, ಅರ್ಧ ಜನ ಕ್ಯಾಮೆರಾ ಆಫ್ ಮಾಡಿ ಎಲ್ಲಿರುತ್ತಾರೋ ದೇವರಿಗೇ ಗೊತ್ತು, ಅಲ್ಲಿ ಕಾಗದ ಹಂಚೋದು ಹೇಗೆ? ಊಟ ಚೆನ್ನಾಗಿತ್ತು. ಸರ್ಟಿಫಿಕೇಟಿಗೋಸ್ಕರ ಸೇರೋರಿಗೆ ಇದು ಬೇಡ. ಒಂದೆರಡು ಮೀಟಿಂಗ್‌ನಲ್ಲಿ ಪೆಟ್ಟು ತಿಂದವರು ಧೈರ್ಯವಾಗಿ ಸೇರಿ, ಮುಂದಿನ ಸಾಲು ಹಿಡೀರಿ.

ರೆಕಾರ್ಡಿಂಗ್ ಕಳಿಸುತ್ತೇವೆ ಅಂದಿದ್ದರು. ಮೂರು ವಾರ ಆಯಿತು, ಎರಡು ಸಲ ಫೋನ್ ಮಾಡಿದೆ, ಇನ್ನೂ ಬಂದಿಲ್ಲ.