ತಾತನ ಹುಟ್ಟೂರಿನ ಕಾಗದ ಹುಡುಕಿ ಕೊಟ್ಟ ಮಡಿಕೇರಿ ಸರ್ವಿಸ್

ಅಮ್ಮನ ಅಪ್ಪ ಸ್ಕಾಟ್ಲೆಂಡಲ್ಲಿ ಹುಟ್ಟಿ ಕೊಡಗಿನ ಪಾಲಿಬೆಟ್ಟ ಕಡೆ ಕಾಫಿ ತೋಟಕ್ಕೆ ಬಂದೋರು, ನನ್ನ ತಮ್ಮಂಗೆ ಯುಕೆಗೆ ಹೋಗೋ ಪ್ಲಾನ್ ಇತ್ತು, ಅದಕ್ಕೆ ಮಡಿಕೇರಿಲಿರೋ ಒಂದು ಚಿಕ್ಕ ವೀಸಾ ಆಫೀಸಿಗೆ ಹೋದ್ವಿ. ಅಲ್ಲಿರೋ ಮೇಡಂ ಮೊದಲೇ ನೇರವಾಗಿ ಹೇಳಿಬಿಟ್ರು, ತಾತ ಅಲ್ಲಿ ಹುಟ್ಟಿದ್ರು ಅಂತ ಸೀದಾ ಬ್ರಿಟಿಷ್ ಪಾಸ್‌ಪೋರ್ಟ್ ಸಿಗಲ್ಲ, ಸಿಗೋದು ಆನ್ಸೆಸ್ಟ್ರಿ ವೀಸಾ, ಅಂದ್ರೆ ತಾತ ಅಜ್ಜಿ ಅಲ್ಲಿ ಹುಟ್ಟಿದ್ರೆ ಅದರ ಮೇಲೆ ಕೊಡೋ ವೀಸಾ, ಐದು ವರ್ಷದ್ದು, ಕೆಲಸ ಮಾಡಬಹುದು, ಆಮೇಲೆ ಅಲ್ಲೇ ಖಾಯಂ ಇರೋಕೆ ಅರ್ಜಿ ಹಾಕಬಹುದು. ಬೆಂಗಳೂರಲ್ಲಿ ಒಬ್ರು ಏಜೆಂಟ್ "ಸಿಟಿಜನ್‌ಶಿಪ್ ಗ್ಯಾರಂಟಿ" ಅಂತ ಅಡ್ವಾನ್ಸ್ ಕೇಳಿದ್ರು, ನಂಗೆ ಇವತ್ತಿಗೂ ಸಿಟ್ಟಿದೆ.

ಈ ಮಡಿಕೇರಿ ಆಫೀಸಿನವರ ಕೆಲಸದಲ್ಲಿ ನಿಜವಾಗ್ಲೂ ಚೆನ್ನಾಗಿರೋದು ದಾಖಲೆ ಹುಡುಕೋದು. ತಾತನ ಬರ್ತ್ ಸರ್ಟಿಫಿಕೇಟ್ ಸ್ಕಾಟ್ಲೆಂಡ್ಸ್ ಪೀಪಲ್ ಅನ್ನೋ ಸರ್ಕಾರಿ ವೆಬ್‌ಸೈಟಿಂದ ತರಿಸಿದ್ರು, ತಾತ ಅಜ್ಜಿ ಮದುವೆದು ಇಲ್ಲಿ ಸಿಗದೇ ಇದ್ದಾಗ ಲಂಡನ್ನಿನ ಬ್ರಿಟಿಷ್ ಲೈಬ್ರರಿಲಿರೋ ಇಂಡಿಯಾ ಆಫೀಸ್ ರೆಕಾರ್ಡ್ಸಲ್ಲಿ (ಬ್ರಿಟಿಷರ ಕಾಲದ ಭಾರತದ ಹಳೇ ದಾಖಲೆಗಳು) ನಮ್ಮ ಕಡೆ ಚರ್ಚುಗಳ ಹಳೇ ನಮೂದುಗಳ ಕಾಪಿ ಇರುತ್ತೆ ಅಂತ ಅಲ್ಲೂ ಹುಡುಕಿಸಿದ್ರು, ಸಿಕ್ಕಿತು, ಅಮ್ಮ ಅದನ್ನ ನೋಡಿ ತುಂಬಾ ಹೊತ್ತು ಮಾತಾಡ್ಲೇ ಇಲ್ಲ. ಅಮ್ಮನ ಹೆಸರಿನ ಸ್ಪೆಲ್ಲಿಂಗ್ ಒಂದೊಂದರಲ್ಲಿ ಒಂದೊಂಥರ ಇತ್ತು, ಅದಕ್ಕೆ ಅಫಿಡವಿಟ್ ಮಾಡಿಸಿದ್ರು. ಟಿಬಿ ಟೆಸ್ಟ್ ಬೇಕು ಅಂತಾನೂ ಮುಂಚೆನೇ ನೆನಪಿಸಿದ್ರು.

ಇನ್ನೊಂದು ವಿಷ್ಯ ಎಲ್ಲರೂ ಕೇಳಿಸ್ಕೊಳ್ಳಿ, ಈ ವೀಸಾಗೆ ಭಾರತದ ಪೌರತ್ವ ಬಿಡಬೇಕಿಲ್ಲ, ಆದ್ರೆ ಮುಂದೆ ಬ್ರಿಟಿಷ್ ಪೌರತ್ವ ತಗೊಂಡ್ರೆ ನಮ್ಮದು ಹೋಗುತ್ತೆ, 1955ರ ಪೌರತ್ವ ಕಾಯ್ದೆಲಿ ಎರಡೂ ಇಟ್ಕೊಳ್ಳೋಕೆ ಅವಕಾಶ ಇಲ್ಲ.

ಫೋನ್ ಎತ್ತೋದು ಸ್ವಲ್ಪ ನಿಧಾನ, ಮಳೆಗಾಲದಲ್ಲಂತೂ ಕರೆಂಟ್ ಹೋದ್ರೆ ಸಿಗೋದೇ ಇಲ್ಲ, ಆಫೀಸಿಗೇ ಹೋಗಿ. ಪ್ರತಿ ಖರ್ಚಿಗೂ ರಸೀದಿ ಕೊಡ್ತಾರೆ.