ಗೋಡೆ ಸ್ಪೀಕರ್ ಹಾಕಿಸುವವರೇ, ಕೊರೆಯುವ ಮೊದಲು ಡಬ್ಬ ಬಿಚ್ಚಿಸಿ

ಗೋಡೆಯೊಳಗೆ ಕೂರುವ ಸ್ಪೀಕರ್ ಹಾಕಿಸಬೇಕು ಅಂತಿದ್ದೀರಾ? ಹಾಗಾದರೆ ಮೊದಲು ಇದನ್ನು ಓದಿ. ಡಬ್ಬ ಬಿಚ್ಚಿ, ಸ್ಪೀಕರನ್ನು ಕೈಯಲ್ಲಿ ಹಿಡಿದು, ಅದರ ಹಿಂಬದಿ ನೋಡುವವರೆಗೆ ಗೋಡೆಗೆ ಗರಗಸ ಹಾಕಲು ಬಿಡಬೇಡಿ. ಜೋಡಿಸಲು ಬಂದವರು ಎಷ್ಟೇ ಅವಸರ ಮಾಡಲಿ, ಬಿಡಬೇಡಿ. ನಮ್ಮ ಮನೆಯಲ್ಲಿ ಮೊದಲು ಗೋಡೆ ಕೊರೆದರು, ಆಮೇಲೆ ಡಬ್ಬ ಬಿಚ್ಚಿದರು. ಆ ಹೊತ್ತಿನಿಂದ ನನ್ನ ಮಾತಿಗೆ ಅಂಗಡಿಯವರ ಹತ್ತಿರ ಬೆಲೆಯೇ ಇಲ್ಲ.

ನಾನು ಕಣ್ಣು ಮುಚ್ಚಿ ಕೊಂಡವನಲ್ಲ. ಎರಡು ಮಾಡೆಲ್ ಇಟ್ಟುಕೊಂಡು ಅಳೆದು ತೂಗಿ ನೋಡಿದ್ದೆ. ಎರಡೂ 8 ಓಮ್ (ಓಮ್ ಅಂದರೆ ಕರೆಂಟಿಗೆ ಸ್ಪೀಕರ್ ಒಡ್ಡುವ ತಡೆಯ ಅಳತೆ), ಎರಡರಲ್ಲೂ ಬೇಸ್ ಕೊಡುವ 6.5 ಇಂಚಿನ ವೂಫರ್. ಒಂದರ ಸೆನ್ಸಿಟಿವಿಟಿ, ಅಂದರೆ ಅಷ್ಟೇ ವಾಟಿಗೆ ಎಷ್ಟು ಜೋರು ಅನ್ನುವುದು, 90 ಡೆಸಿಬೆಲ್, ಆದರೆ ಹಿಂಬದಿ ತೆರೆದದ್ದು. ಇನ್ನೊಂದು 87 ಡೆಸಿಬೆಲ್, ಹಿಂದೆ ಮುಚ್ಚಿದ ಬಾಕ್ಸ್ ಇದೆ, ಕೀರಲು ಸದ್ದು ಕೊಡುವ ಸಣ್ಣ ಟ್ವೀಟರನ್ನು ನಾವು ಕೂರುವ ಜಾಗದ ಕಡೆಗೆ ತಿರುಗಿಸಬಹುದು. 3 ಡೆಸಿಬೆಲ್ ಕಡಿಮೆ ಅಂದರೆ ಅಷ್ಟೇ ಜೋರು ಕೇಳಿಸಲು ಆಂಪ್ಲಿಫೈಯರ್ ಎರಡರಷ್ಟು ವಾಟ್ ಕೊಡಬೇಕು. ಅದು ಗೊತ್ತಿದ್ದೇ ಬಾಕ್ಸ್ ಇರುವುದನ್ನು ಆರಿಸಿದೆ. ಯಾಕೆಂದರೆ ತೆರೆದ ಸ್ಪೀಕರಿಗೆ ಗೋಡೆಯ ಪೊಳ್ಳೇ ಬಾಕ್ಸ್. ಪೊಳ್ಳು ಹೇಗಿದೆಯೋ ಬೇಸ್ ಹಾಗೆ ಬರುತ್ತದೆ, ಗೋಡೆಯಾಚೆ ಸೋರುವುದೂ ಜಾಸ್ತಿ. ನಮ್ಮ ಜಿಪ್ಸಂ ಗೋಡೆಯ ಆಚೆ ಮಕ್ಕಳು ಮಲಗುತ್ತಾರೆ. ಇಷ್ಟನ್ನೂ ಅಂಗಡಿಯವರಿಗೆ ಬಿಡಿಸಿ ಹೇಳಿದ್ದೆ. "ಒಳ್ಳೆ ಆಯ್ಕೆ ಸರ್, ತಿಳ್ಕೊಂಡವ್ರೇ ಇದನ್ನ ತಗೊಳ್ಳೋದು" ಅಂದರು. ಕೊಟೇಶನ್ನಲ್ಲಿ ಮಾಡೆಲ್ ನಂಬರ್ ಬರೆದರು, 8 ಓಮ್ ಅಂತಲೂ ಬರೆದರು. ಮುಂಗಡ ತೆಗೆದುಕೊಂಡರು.

ಜೋಡಿಸುವ ದಿನ ಇಬ್ಬರು ಹುಡುಗರು ಬಂದರು. ಬಂದವರೇ ಟಿವಿಯ ಎರಡೂ ಪಕ್ಕ ಪೆನ್ಸಿಲಿನಲ್ಲಿ ಗೆರೆ ಎಳೆದು ಕೊರೆದೇಬಿಟ್ಟರು. ಧೂಳು ಇಳಿದ ಮೇಲೆ ಡಬ್ಬ ಬಿಚ್ಚಿದರೆ ಒಳಗಿದ್ದುದು ಬೇರೆ ಮಾಡೆಲ್. ಕೂಡಲೇ ಅಂಗಡಿಗೆ ಫೋನ್ ಮಾಡಿದೆ. "ನೀವು ಹೇಳಿದ್ದು ಸ್ಟಾಕ್ ಇಲ್ಲ ಸರ್. ಇದು ಅದಕ್ಕಿಂತ ಮುಂದಿನ ಮಾಡೆಲ್, ಅದೇ ಕಂಪನಿ. ಪ್ರೊಫೆಷನಲ್ ಪೀಸ್. ನಿಮಗೋಸ್ಕರ ಅದೇ ರೇಟಿಗೆ ಕೊಟ್ಟಿದೀನಿ" ಅಂದರು. ಗೋಡೆಯಲ್ಲಿ ಎರಡು ದೊಡ್ಡ ತೂತು ಬಾಯಿ ತೆರೆದು ನಿಂತಿವೆ. ಹುಡುಗರು ಸ್ಪೀಕರ್ ಕೈಯಲ್ಲಿ ಹಿಡಿದು ನನ್ನ ಮುಖ ನೋಡುತ್ತಿದ್ದಾರೆ. ಗ್ರಿಲ್ ನೋಡಿದರೆ ಒಂದೇ ಥರ. ಆ ಹೊತ್ತಿನಲ್ಲಿ ಯಾರಾದರೂ ಏನು ಮಾಡಿಯಾರು ಹೇಳಿ?

ಸದ್ದು ಬಂತಾ? ಬಂತು. ಪಕ್ಕದ ಮನೆಯ ರೇಡಿಯೋ ಕೇಳಿಸಿದಷ್ಟು ಬಂತು. ವಾಲ್ಯೂಮ್ ಕೊನೆಯವರೆಗೆ ತಿರುಗಿಸಿದರೂ ಮಾತು ಬಿಡಿಬಿಡಿಯಾಗಿ ಕೇಳಿಸಲಿಲ್ಲ, ಬೇಸ್ ಅನ್ನುವುದಂತೂ ಇಲ್ಲವೇ ಇಲ್ಲ. ಹೊಸ ಸಿಸ್ಟಮ್ ಅಂತ ಅಕ್ಕ, ಭಾವ ಇಬ್ಬರನ್ನೂ ಸಿನಿಮಾ ನೋಡಲು ಕರೆದಿದ್ದೆ. ಅರ್ಧ ಗಂಟೆ ಸುಮ್ಮನೆ ಕೂತಿದ್ದ ಭಾವ, "ಅಲ್ಲಪ್ಪಾ, ಇದಕ್ಕಾ ಗೋಡೆ ಒಡೆಸಿದ್ದು?" ಅಂದರು. ಕೊನೆಗೆ ನನ್ನ ಹೆಂಡತಿ ಎದ್ದು ಟಿವಿಯ ಸ್ಪೀಕರನ್ನೇ ಆನ್ ಮಾಡಿದಳು. ಅದರಲ್ಲೇ ಚೆನ್ನಾಗಿ ಕೇಳಿಸಿತು. ಆ ನಾಚಿಕೆ ಈಗಲೂ ಹೋಗಿಲ್ಲ.

ಅಂಗಡಿಗೆ ಮತ್ತೆ ಮತ್ತೆ ಮೆಸೇಜ್ ಹಾಕಿದೆ. ಬಂದ ಉತ್ತರಗಳು ಇವು. "ಹೊಸದಲ್ವಾ ಸರ್, ಬರ್ನ್-ಇನ್ ಆಗ್ಬೇಕು, ಓಡಿಸ್ತಾ ಓಡಿಸ್ತಾ ಸರಿ ಹೋಗುತ್ತೆ." ಆಮೇಲೆ, "ನಿಮ್ಮ ಆಂಪ್ಲಿಫೈಯರ್ ಸಾಲ್ದು, ದೊಡ್ಡದು ತಗೊಳ್ಳಿ, ನಮ್ಮಲ್ಲೇ ಇದೆ." ಆಮೇಲೆ, "ರೂಮ್ ಸರಿ ಇಲ್ಲ." ನಮ್ಮ ರೂಮೇ ಸರಿ ಇಲ್ಲವಂತೆ!

ಕೊನೆಗೆ ಸಭಾಂಗಣಗಳಿಗೆ ಮೈಕ್ ಸೆಟ್ ಹಾಕುವ ಪರಿಚಯದವರೊಬ್ಬರನ್ನು ಕರೆಸಿದೆ. ಗ್ರಿಲ್ ಕಿತ್ತು, ಸ್ಕ್ರೂ ಸಡಿಲಿಸಿ, ಸ್ಪೀಕರನ್ನು ಮೆಲ್ಲಗೆ ಹೊರಗೆಳೆದರು. ಹಿಂದೆ ನಾನು ಕೇಳಿದ ಬಾಕ್ಸ್ ಇಲ್ಲ. ಅದರ ಬದಲು ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದೊಂದು ಟ್ರಾನ್ಸ್‌ಫಾರ್ಮರ್, ಅದರಿಂದ ಇಳಿಬಿದ್ದ ಬಣ್ಣಬಣ್ಣದ ತಂತಿಗಳು. ಪಕ್ಕದ ಸ್ಟಿಕರಿನಲ್ಲಿ 100 ವೋಲ್ಟ್ ಅಂತ ಬರೆದು, ಕೆಳಗೆ 20, 10, 5 ವಾಟ್ ಅಂತ ಮೂರು ಸಾಲು. ನಮ್ಮದನ್ನು 10ರ ತಂತಿಗೆ ಕಟ್ಟಿದ್ದರು. ಅವರು ಅದನ್ನು ನನ್ನ ಕೈಗೆ ಕೊಟ್ಟು, "ಇದು ಅನೌನ್ಸ್‌ಮೆಂಟ್ ಸ್ಪೀಕರ್, ಸಿನಿಮಾ ನೋಡೋಕಲ್ಲ" ಅಂದರು. ನನಗೆ ಕೂತಲ್ಲೇ ಮೈ ಬಿಸಿಯಾಯಿತು.

ಅವರು ಹೇಳಿದ ಲೆಕ್ಕವನ್ನು ನೀವೂ ಕೇಳಿ, ಇದು ಗೊತ್ತಿದ್ದರೆ ಯಾರೂ ನಿಮ್ಮನ್ನು ಯಾಮಾರಿಸಲಾರರು. 100 ವೋಲ್ಟ್ ಸ್ಪೀಕರುಗಳನ್ನು ಮಳಿಗೆ, ನಿಲ್ದಾಣ, ಶಾಲೆಯಂಥ ಕಡೆ ಉದ್ದದ ಒಂದೇ ಲೈನಿಗೆ ಹತ್ತಾರು ಜೋಡಿಸಲು ಮಾಡಿರುತ್ತಾರೆ. ಅದಕ್ಕೆ ಬೇರೆ ಥರದ ಆಂಪ್ಲಿಫೈಯರ್ ಬೇಕು. 100 ವೋಲ್ಟಿಗೆ 10 ವಾಟ್ ಎಳೆಯುವ ಸ್ಪೀಕರ್ ಅಂದರೆ ಆಂಪ್ಲಿಫೈಯರಿಗೆ ಅದು 1000 ಓಮ್ ಆಗಿ ಕಾಣುತ್ತದೆ. 8 ಓಮ್ ಅಲ್ಲ, ಸಾವಿರ! ನಮ್ಮ ಆಂಪ್ಲಿಫೈಯರ್ 8 ಓಮಿಗೆ 50 ವಾಟ್ ಕೊಡುವಂಥದ್ದು, ಅಂದರೆ ಪೂರ್ತಿ ಏರಿಸಿದಾಗ ಸುಮಾರು 20 ವೋಲ್ಟ್. ಆ 20 ವೋಲ್ಟ್ 1000 ಓಮಿಗೆ ಹೋದರೆ ಸಿಗುವುದು 0.4 ವಾಟ್. ಅರ್ಧ ವಾಟೂ ಇಲ್ಲ. ಸಾಲದ್ದಕ್ಕೆ ಆ ಸಣ್ಣ ಟ್ರಾನ್ಸ್‌ಫಾರ್ಮರ್ ಕೆಳಗಿನ ಬೇಸನ್ನು ದಾಟಲು ಬಿಡುವುದಿಲ್ಲ. ಇನ್ನು ಅದು ಎಷ್ಟು ವರ್ಷ ಓಡಿದರೆ ಸರಿ ಹೋಗುತ್ತದೆ?

ಇಂಥ ಕೆಲವು ಸ್ಪೀಕರುಗಳಲ್ಲಿ ಟ್ರಾನ್ಸ್‌ಫಾರ್ಮರ್ ಬಿಟ್ಟು ನೇರ 8 ಓಮಿಗೆ ಹಾಕುವ ಸ್ವಿಚ್ ಇರುತ್ತದೆ. ಇದರಲ್ಲಿ ಅದೂ ಇಲ್ಲ.

ಫೋಟೋ ತೆಗೆದು ಅಂಗಡಿಗೆ ಕಳಿಸಿದೆ. ಎರಡು ನೀಲಿ ಗೆರೆ ಬಂತು, ಉತ್ತರ ಬರಲಿಲ್ಲ. ಫೋನ್ ಮಾಡಿದರೆ, "ನಾನು ಆಗ್ಲೇ ಹೇಳಿದ್ನಲ್ಲ ಸರ್, ಪ್ರೊಫೆಷನಲ್ ಪೀಸ್ ಅಂತ." ಕೊಟೇಶನ್ನಲ್ಲಿ 8 ಓಮ್ ಇದೆಯಲ್ಲ ಅಂದೆ. "ಕೊಟೇಶನ್ ಬೇರೆ, ಬಿಲ್ ಬೇರೆ. ಬಿಲ್ ನೋಡಿ." ಬಿಲ್ ತೆಗೆದು ನೋಡಿದರೆ "ವಾಲ್ ಸ್ಪೀಕರ್, 1 ಜೊತೆ" ಅಂತಷ್ಟೇ ಇದೆ. ಮಾಡೆಲ್ ನಂಬರ್ ಎಲ್ಲೂ ಇಲ್ಲ. ಹಾಗಾದರೆ ಬಿಲ್ ಬರೆಯುವಾಗಲೇ ಅವರಿಗೆ ಗೊತ್ತಿತ್ತು ಅಂತಾಯಿತು, ಅಲ್ವಾ? ವಾಪಸ್ ತಗೊಳ್ಳಿ ಅಂದೆ. "ಫಿಟ್ ಮಾಡಿದ ಮಾಲು ವಾಪಸ್ ಇಲ್ಲ ಸರ್. ನೀವೇ ಎದುರಿಗೆ ನಿಂತು ಫಿಟ್ ಮಾಡಿಸ್ಕೊಂಡಿದೀರಿ." ಎಲ್ಲಕ್ಕಿಂತ ಹೆಚ್ಚು ಉರಿಸಿದ್ದು ಈ ಮಾತು. ನಾನೇ ನಿಂತು ಮಾಡಿಸಿಕೊಂಡೆನಂತೆ!

ಇಷ್ಟಕ್ಕೇ ಮುಗಿಯಲಿಲ್ಲ. ನಾನು ಆರಿಸಿದ್ದ ಮಾಡೆಲನ್ನೇ ಬೇರೆ ಕಡೆ ತರಿಸೋಣ ಅಂದರೆ ಅದಕ್ಕೆ ಬೇಕಾದ ಕಿಂಡಿ ಈಗ ಕೊರೆದದ್ದಕ್ಕಿಂತ ಚಿಕ್ಕದು. ಈ ಸ್ಪೀಕರುಗಳು ಗೋಡೆಯಲ್ಲಿ ನಿಲ್ಲುವುದು ಹಿಂದಿನಿಂದ ಮಡಚಿ ಹಿಡಿಯುವ ಸಣ್ಣ ಕಿವಿಗಳಿಂದ. ಕಿಂಡಿ ದೊಡ್ಡದಾದರೆ ಆ ಕಿವಿಗಳಿಗೆ ಹಿಡಿಯಲು ಅಂಚೇ ಸಿಗುವುದಿಲ್ಲ. ಅಂದರೆ ಮತ್ತೆ ಜಿಪ್ಸಂ ತುಂಡು ಕೂರಿಸಿ, ಬಳಿದು, ಬಣ್ಣ ಹಚ್ಚಿ, ಹೊಸದಾಗಿ ಕೊರೆಯಬೇಕು. ಆ ಖರ್ಚು ಯಾರದು? ನನ್ನದು.

ತಂತಿಯಲ್ಲೂ ಮೋಸ. ತುದಿಯನ್ನು ಬ್ಲೇಡಿನಲ್ಲಿ ಕೆರೆದರೆ ತಾಮ್ರದ ಬಣ್ಣ ಹೋಗಿ ಒಳಗೆ ಬಿಳಿ ಅಲ್ಯೂಮಿನಿಯಂ. ಅದಕ್ಕೂ ತಾಮ್ರ ಅಂತಲೇ ಹಣ ಕಟ್ಟಿಸಿಕೊಂಡಿದ್ದರು.

ಹಾಕಿಸುವವರಿಗೆ ನಾನು ಹೇಳುವುದು ಇಷ್ಟು. ಬಿಲ್ಲಿನಲ್ಲಿ ಮಾಡೆಲ್ ನಂಬರ್ ಮತ್ತು ಓಮ್ ಬರೆಯದಿದ್ದರೆ ಹಣ ಕೊಡಬೇಡಿ. ಡಬ್ಬ ನೀವೇ ಬಿಚ್ಚಿ. ಹಿಂದೆ ಟ್ರಾನ್ಸ್‌ಫಾರ್ಮರ್, 70 ಅಥವಾ 100 ವೋಲ್ಟ್ ಅನ್ನುವ ಬರಹ ಕಂಡರೆ ಅಲ್ಲಿಗೇ ನಿಲ್ಲಿಸಿ. ಓಮ್ ಅಳೆಯುವ ಮಲ್ಟಿಮೀಟರ್ ಇದ್ದರೆ ಸ್ಪೀಕರಿಗೆ ತಂತಿ ಕಟ್ಟುವ ಎರಡು ತುದಿಗೆ ಹಿಡಿಯಿರಿ, ಸಾಮಾನ್ಯವಾಗಿ 8 ಓಮ್ ಸ್ಪೀಕರ್ 6, 7ರ ಆಸುಪಾಸು ತೋರಿಸುತ್ತದೆ. ಡಬ್ಬದೊಳಗೆ ಬರುವ ಅಳತೆಯ ಕಾಗದವನ್ನು ಗೋಡೆಗಿಟ್ಟೇ ಗೆರೆ ಎಳೆಸಿ. ಸ್ಟಾಕ್ ಇಲ್ಲ ಅಂದರೆ ಕೆಲಸದವರನ್ನು ವಾಪಸ್ ಕಳಿಸಿ. ಮುಖ ನೋಡಿ ಸಂಕೋಚ ಪಡಬೇಡಿ. ಅವರಿಗೆ ಸಂಕೋಚ ಇಲ್ಲ.

ನಿನ್ನೆ ಮತ್ತೆ ಮೆಸೇಜ್ ಬಂದಿದೆ. "ಸರ್, ಈ ಸ್ಪೀಕರಿಗೆ ಸರಿಹೊಂದೋ 100 ವೋಲ್ಟ್ ಆಂಪ್ಲಿಫೈಯರ್ ಇದೆ, ನಿಮಗೆ ಡಿಸ್ಕೌಂಟ್ ಮಾಡಿ ಕೊಡ್ತೀನಿ." ಅದನ್ನೂ ಸ್ಕ್ರೀನ್‌ಶಾಟ್ ತೆಗೆದಿಟ್ಟಿದ್ದೇನೆ. ಕೊಟೇಶನ್, ಬಿಲ್, ಸ್ಟಿಕರಿನ ಫೋಟೋ ಎಲ್ಲದರ ಜೊತೆ ಅದೂ ದೂರಿಗೆ ಸೇರುತ್ತದೆ.